ಬೆಣ್ಣೆಹಳ್ಳದವರೆಗೆ ಎರಡು ಫಟಫಟಿ

ಮಿಶ್ರಿಕೋಟಿಯಿಂದ ನಾವು ಹೊರಟಾಗ ಬೆಳಗಿನ ಏಳು ಗಂಟೆ. ದಸರಾ ಮುಗಿದು ಹತ್ತು ದಿನವಾಗಿತ್ತು. ಊರ ಸುತ್ತಲಿನ ಗದ್ದೆಗಳಲ್ಲಿ ಭತ್ತದ ತೆನೆ ಬಾಗಿ ಹಳದಿಗೆ ತಿರುಗುತ್ತಿತ್ತು. ಮಾವನವರ ಮನೆಯ ಕಟ್ಟೆಯ ಮುಂದೆ ಎರಡು ಮೋಟಾರ್ ಸೈಕಲ್ ನಿಂತಿದ್ದವು. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಎರಡು ಫಟಫಟಿ. ಒಂದು ಮಾವನವರದು, ಇನ್ನೊಂದು ಮೂರು ದಿನದ ಮಟ್ಟಿಗೆ ಕೇಳಿ ತಂದದ್ದು.

ಈ ಪ್ರಯಾಣಕ್ಕೆ ಕಾರಣ ನನ್ನ ವರ್ಗಾವಣೆ. ನಾನು ಕಲಘಟಗಿಯ ಪಶು ಆಸ್ಪತ್ರೆಯಲ್ಲಿ ಸ್ಟಾಕ್‌ಮನ್ ಆಗಿದ್ದೆ. ದನಗಳಿಗೆ ಸೂಜಿ ಹಾಕುವುದು, ಗಾಯ ತೊಳೆಯುವುದು ನನ್ನ ಕೆಲಸ. ಜನ ಮಾತ್ರ ದನದ ಡಾಕ್ಟರೆಂದೇ ಕರೆಯುತ್ತಿದ್ದರು. ಅಲ್ಲಿ ಸೈಕಲ್ ಮೇಲೆ ಕೆಲಸ ಸಾಗುತ್ತಿತ್ತು. ಈಗ ನವಲಗುಂದ ತಾಲೂಕಿಗೆ ಹಾಕಿದ್ದರು. ತಿರ್ಲಾಪುರ, ಮೊರಬ ಮತ್ತು ಅವುಗಳ ಸುತ್ತಲಿನ ಹಳ್ಳಿಗಳು ನನ್ನ ಪಾಲಿಗೆ ಬಂದಿದ್ದವು. ಆ ಕಪ್ಪು ಎರೆ ಮಣ್ಣಿನ ಸೀಮೆಯಲ್ಲಿ ಊರಿಂದ ಊರಿಗೆ ಚಕ್ಕಡಿ ಹಾದಿ ಬಿಟ್ಟರೆ ಬೇರೆ ಹಾದಿ ಕಡಿಮೆ. ಗಾಡಿ ಕೊಳ್ಳಲೇಬೇಕಾಗಿತ್ತು. ಯಾವ ಗಾಡಿ ಎಂಬುದೇ ಪ್ರಶ್ನೆ.

ನನ್ನ ಮನಸ್ಸು ಕಲಘಟಗಿಯ ಅಕ್ಕಿ ಗಿರಣಿಯ ಸಾಹುಕಾರರ ಗಾಡಿಯ ಮೇಲಿತ್ತು. ಮುನ್ನೂರೈವತ್ತು ಸಿಸಿಯ ಕರಿ ಗಾಡಿ. ಅದು ಬೀದಿಯಲ್ಲಿ ಬಂದರೆ ಅದರ ಸದ್ದು ಕಿವಿಗಿಂತ ಮೊದಲು ಎದೆಗೆ ತಾಗುತ್ತಿತ್ತು. ಸಾಹುಕಾರರು ಅದನ್ನು ಮಾರುವವರಿದ್ದರು. "ಮೂರು ದಿನ ತಿರುಗಿಸಿ ನೋಡ್ರಿ, ಮನಸ್ಸಿಗೆ ಬಂದ್ರ ಮಾತಾಡೂಣು" ಎಂದು ಕೀಲಿ ಕೊಟ್ಟಿದ್ದರು. ಮಾವನವರು ಮಾತ್ರ ತಮ್ಮ ಹಳೆಯ ನೂರಾ ಎಪ್ಪತ್ತೈದು ಸಿಸಿಯ ಗಾಡಿಯಂಥದ್ದೇ ಒಂದನ್ನು ಹುಬ್ಬಳ್ಳಿಯಲ್ಲಿ ನೋಡೋಣವೆನ್ನುತ್ತಿದ್ದರು. ಆ ಗಾಡಿ ಸಣಕಲು, ಬಣ್ಣ ಹೋದದ್ದು, ಸದ್ದು ಬಿಸಿ ಎಣ್ಣೆಯಲ್ಲಿ ಸಾಸಿವೆ ಸಿಡಿದ ಹಾಗೆ.

ಮಾವ ವಿರೂಪಾಕ್ಷಪ್ಪನವರು ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್ ಆಗಿ ನಿವೃತ್ತರಾದವರು. ವಿದ್ಯುತ್ ತಂತಿ ರಸ್ತೆ ಹಿಡಿದು ಹೋಗುವುದಿಲ್ಲ. ಹೊಲ, ಹಳ್ಳ, ಗುಡ್ಡ ದಾಟಿ ನೆಟ್ಟಗೆ ಹೋಗುತ್ತದೆ. ತಂತಿ ಹೋದಲ್ಲೆಲ್ಲ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಗಾಡಿ ಓಡಿಸಿದವರು ಅವರು. "ಡಾಂಬರ್ ಮ್ಯಾಲೆ ನೋಡಿ ಗಾಡಿ ತೊಗೋಬಾರ್ದು, ಅಳಿಯಂದ್ರ" ಎಂದರು. "ಡಾಂಬರ್ ಮ್ಯಾಲೆ ಎಲ್ಲಾ ಗಾಡೀನೂ ಚೊಲೊನ ಇರ್ತಾವ. ಎರಡೂ ತೊಗೊಂಡು ಹೋಗೂಣು. ಕುಂದಗೋಳ, ಅಣ್ಣಿಗೇರಿ, ನವಲಗುಂದ, ಮೊರಬ. ರಸ್ತೆ ಬಿಟ್ಟು ಹೋಗೂಣು. ಬದಲಿಸಿ ಬದಲಿಸಿ ಹೊಡೀರಿ. ಆಮ್ಯಾಲೆ ನೀವ ಹೇಳ್ರಿ."

ನನ್ನ ಹೆಂಡತಿ ಶಾರದಾ ಆಗ ಐದು ತಿಂಗಳ ಬಸುರಿ, ತವರಿನಲ್ಲಿದ್ದಳು. ಕಟಿ ರೊಟ್ಟಿ, ಶೇಂಗಾ ಚಟ್ನಿ, ಹಣ್ಣು ಮೆಣಸಿನಕಾಯಿಯ ಕೆಂಪಿಂಡಿಯನ್ನು ಒಂದು ದೊಡ್ಡ ಬಿಳಿ ಅರಿವೆಯಲ್ಲಿ ಬುತ್ತಿ ಕಟ್ಟಿ ತಂದು ನನ್ನ ಹೆಗಲಿಗೆ ಹಾಕಿದಳು. "ಅಪ್ಪ ಹೇಳಿದಂಗ ಕೇಳ್ರಿ" ಎಂದಳು. ಮಾವನವರು ಎರಡು ಹೆಲ್ಮೆಟ್ ತೆಗೆದರು. ಆಗ ಹಳ್ಳಿಯಲ್ಲಿ ಹೆಲ್ಮೆಟ್ ಯಾರೂ ಹಾಕುತ್ತಿರಲಿಲ್ಲ. ಓಣಿಯಲ್ಲಿ ನೀರು ತರುತ್ತಿದ್ದ ಹೆಂಗಸರು ನಮ್ಮ ತಲೆ ನೋಡಿ ನಕ್ಕರು.

ಮೊದಲ ದಿನ ಕಲಘಟಗಿ ಕಡೆಯ ಕಾಡಿನ ಅಂಚಿನಲ್ಲಿ ಸುತ್ತಿದೆವು. ಕೆಂಪು ಮಸಾರಿ ನೆಲ, ಅದರ ಮೇಲೆ ಕಾಳಿನಂತೆ ಹರಡಿದ ಗರಸು ಕಲ್ಲು, ನಡುವೆ ಮಳೆನೀರು ಕೊರೆದ ಸೀಳು. ಎರಡೂ ಬದಿಗೆ ಸಾಗವಾನಿ. ನಾನು ದೊಡ್ಡ ಗಾಡಿಯ ಮೇಲಿದ್ದೆ. ಮಾವನವರು ಮುಂದೆ. ಒಂದು ಇಳಿಜಾರು ಬಂತು, ಒಣಗಿದ ತೊರೆಯ ಹಾಗೆ ಬರೀ ಉರುಟು ಕಲ್ಲು. ಅರವತ್ತರ ಆ ಮನುಷ್ಯ ಸೀಟಿನಿಂದ ಎದ್ದು, ಕಾಲಿಡುವ ಕಂಬಿಗಳ ಮೇಲೆ ನಿಂತು, ಮೊಣಕಾಲು ಸಡಿಲ ಬಿಟ್ಟು ಇಳಿದರು. ಕೆಳಗೆ ಗಾಡಿ ಕುಣಿಯುತ್ತಿತ್ತು. ಮೇಲೆ ಅವರ ತಲೆ ಮಾತ್ರ ಅಲುಗಲಿಲ್ಲ. ಓಡುವ ಚಕ್ಕಡಿಯಲ್ಲಿ ನಿಂತು ಎತ್ತು ಹೊಡೆಯುವವರನ್ನು ನೋಡಿದ್ದೇನೆ. ಇದು ಅದಕ್ಕಿಂತ ನಯವಾಗಿತ್ತು. ನಾಲ್ಕು ವರ್ಷದಿಂದ ಕಟ್ಟೆಯ ಮೇಲೆ ಕುಳಿತು ಎಲೆ ಅಡಿಕೆ ಹಾಕುವುದನ್ನಷ್ಟೇ ಕಂಡಿದ್ದ ಮಾವನವರು ಇವರೇನಾ ಅನ್ನಿಸಿತು.

ನಾನೂ ಹಾಗೇ ಇಳಿಯಲು ಹೋದೆ. ಅರ್ಧಕ್ಕೆ ಬಂದಾಗ ಹೆದರಿ ಮುಂದಿನ ಬ್ರೇಕ್ ಹಿಡಿದೆ. ಮುಂದಿನ ಗಾಲಿ ಗರಸಿನ ಮೇಲೆ ಜಾರಿತು, ನಾನು ಬಲಕ್ಕೆ ಬಿದ್ದೆ, ಗಾಡಿ ನನ್ನ ಕಾಲಿನ ಮೇಲೆ ಬಿತ್ತು. ಸೈಲೆನ್ಸರ್ ಮೀನಖಂಡಕ್ಕೆ ತಾಗಿ ಚರ್ಮ ಸುಟ್ಟ ವಾಸನೆ ಬಂತು. ಮಾವನವರು ಗಾಡಿ ನಿಲ್ಲಿಸಿ ಮೇಲೆ ಹತ್ತಿ ಬಂದು, ಹ್ಯಾಂಡಲ್ ಹಿಡಿದು ಎತ್ತಿ ನನ್ನ ಕಾಲು ಹೊರಗೆಳೆದರು. ಆಮೇಲೆ ಗಾಡಿಯನ್ನು ಹೊಳ್ಳಿ ಹಾಗೇ ಮಲಗಿಸಿದರು.

"ಈಗ ಎಬ್ಬಿಸ್ರಿ" ಎಂದರು.

"ಮಾವಾರ, ಒಂದು ಕೈ ಹಿಡೀರಿ."

"ನಾ ಹಿಡಿಯೂದಿಲ್ಲ. ತಿರ್ಲಾಪುರದ ಹೊಲದಾಗ ನಾ ಎಲ್ಲಿಂದ ಬರ್ಲಿ."

ಇಳಿಜಾರಿನಲ್ಲಿ ಮಲಗಿದ ಆ ಗಾಡಿಯನ್ನು ನಿಲ್ಲಿಸಲು ನನಗೆ ಮೂರು ಸಲ ಬೇಕಾಯಿತು. ಕೊನೆಗೆ ಬೆನ್ನು ಕೊಟ್ಟು, ಕುಕ್ಕುರುಗಾಲಿನಿಂದ ಮೇಲೇಳುತ್ತ ಎತ್ತಿದೆ. ನಂತರ ಅವರು ತಮ್ಮ ಗಾಡಿಯನ್ನು ಮಲಗಿಸಿ ಎತ್ತಲು ಹೇಳಿದರು. ಅದು ಒಂದೇ ಜಗ್ಗಿಗೆ ಎದ್ದಿತು. ಅವರು ಯಾವುದನ್ನೂ ಹೊಗಳಲಿಲ್ಲ, ತೆಗಳಲಿಲ್ಲ. ಸುಟ್ಟ ಜಾಗಕ್ಕೆ ತಣ್ಣೀರು ಹಾಕಿ, "ಗರಸಿನ ಮ್ಯಾಲೆ ಮುಂದಿನ ಬ್ರೇಕ್ ಇಲ್ಲಂತ ತಿಳೀರಿ" ಎಂದರು.

ಮಧ್ಯಾಹ್ನದ ಮೇಲೆ ಪೂರ್ವಕ್ಕೆ ತಿರುಗಿದೆವು. ಕುಂದಗೋಳ ಸಮೀಪಿಸಿದಂತೆ ಕೆಂಪು ನೆಲ ಮುಗಿಯಿತು. ಮುಗಿಯಿತು ಅಂದರೆ ಕಣ್ಣೆದುರಿಗೇ ಮುಗಿಯಿತು. ಒಂದು ಹೊಲದ ಈಚೆ ಬದುವಿನಲ್ಲಿ ಮಣ್ಣು ಇಟ್ಟಿಗೆಯ ಬಣ್ಣ, ಆಚೆ ಬದುವಿನಲ್ಲಿ ಬಾಣಲೆಯ ತಳದ ಬಣ್ಣ. ಅಲ್ಲಿಂದ ಮುಂದೆ ಮೆಣಸಿನಕಾಯಿ, ಹತ್ತಿ, ಆಗಷ್ಟೇ ಬಿತ್ತಿದ ಜೋಳ. ಕುಂದಗೋಳ ಮುಟ್ಟಿದಾಗ ಬಿಸಿಲು ಇಳಿದಿತ್ತು. ನೇರ ರಸ್ತೆಯಲ್ಲಿ ಬಂದಿದ್ದರೆ ಅಷ್ಟು ದೂರವಿಲ್ಲ. ನಾವು ಸುತ್ತಿದ್ದು ಐವತ್ತು ಕಿಲೋಮೀಟರಿನ ಹತ್ತಿರ. ಮಾವನವರ ದೂರದ ನೆಂಟರ ಮನೆಯಲ್ಲಿ ಬಿಸಿ ರೊಟ್ಟಿ, ಝುಣಕ ಉಂಡು ಮಲಗಿದೆವು.

ಎರಡನೆಯ ದಿನ ಅಣ್ಣಿಗೇರಿಯ ಕಡೆಗೆ, ಸುಮಾರು ನಲವತ್ತು ಕಿಲೋಮೀಟರು, ಪೂರಾ ಚಕ್ಕಡಿ ಹಾದಿ. ಊರು ದಾಟಿದ ಮೇಲೆ ನಾನು ನಿಲ್ಲಿಸದೆ ಇರಲಾಗಲಿಲ್ಲ. ಕಲಘಟಗಿಯ ಕಡೆ ಬೆಳೆದ ನನಗೆ ಕಣ್ಣಿಗೆ ಯಾವಾಗಲೂ ಏನಾದರೂ ಅಡ್ಡ ಬರುತ್ತಿತ್ತು. ಗುಡ್ಡ, ಇಲ್ಲವೇ ಗಿಡ. ಇಲ್ಲಿ ಏನೂ ಇರಲಿಲ್ಲ. ನೆಲ ಕಪ್ಪಗೆ ಹೊರಟು ಆಕಾಶ ಸಿಗುವ ತನಕ ಹೋಗಿತ್ತು. ಬಹು ದೂರದಲ್ಲಿ ಒಂದು ಬೇವಿನ ಮರ, ಅದರ ಕೆಳಗೆ ಎತ್ತುಗಳು; ಎತ್ತು ಯಾವುದು, ಕಲ್ಲು ಯಾವುದು ತಿಳಿಯದಷ್ಟು ದೂರ. ಇಂಜಿನ್ ಆರಿಸಿದಾಗ ನನ್ನ ಉಸಿರಿನ ಸದ್ದೇ ದೊಡ್ಡದಾಗಿ ಕೇಳಿತು.

"ಏನ್ರಿ ನಿಂತ್ರಿ?" ಮಾವನವರು ಕೇಳಿದರು.

"ಏನಿಲ್ರಿ. ಎಷ್ಟು ದೊಡ್ಡದೈತಿ ಅಂತ ನೋಡಾಕತ್ತಿದ್ದೆ."

ಅವರೂ ಸ್ವಲ್ಪ ಹೊತ್ತು ನೋಡಿದರು. "ನಾ ಮೊದಲ ಸಲ ಇಲ್ಲಿ ಕಂಬ ನೆಡಾಕ ಬಂದಾಗ ನನಗೂ ಹಿಂಗ ಆಗಿತ್ತು. ಎರಡು ದಿನ ಊಟ ಸೇರಿರಲಿಲ್ಲ."

ಎಂಟು ದಿನದ ಹಿಂದೆ ಮಳೆಯಾಗಿತ್ತು. ಹಾದಿ ಮೇಲೆ ಒಣಗಿ, ಒಳಗೆ ಹಸಿಯಿತ್ತು. ಚಕ್ಕಡಿಯ ಗಾಲಿಗಳು ಮೊಣಕಾಲುದ್ದ ಕೊರೆದ ಎರಡು ಜಾಡು, ನಡುವೆ ದಿಬ್ಬ. ಜಾಡಿನೊಳಗೆ ಇಳಿದರೆ ದೊಡ್ಡ ಗಾಡಿಯ ಕಾಲಿಡುವ ಕಂಬಿ ದಿಬ್ಬಕ್ಕೆ ಬಡಿದು ಕಾಲು ಹಿಂದಕ್ಕೆ ಕಿತ್ತುಬರುತ್ತಿತ್ತು. ದಿಬ್ಬದ ಮೇಲೆ ಹೋದರೆ ಹಾವಿನ ಬೆನ್ನಿನ ಮೇಲೆ ಹೋದಂತೆ. ಮಾವನವರು ಹಿಂದಿನಿಂದ ಕೂಗುತ್ತಿದ್ದರು: "ಗಾಲಿ ನೋಡಬ್ಯಾಡ್ರಿ, ದೂರ ನೋಡ್ರಿ. ನೀವು ಜಾಡು ನೋಡಿದ್ರ ಗಾಡಿ ಜಾಡಿಗೇ ಹೋಗ್ತೈತಿ." ಹಾಗೆ ದೂರ ನೋಡತೊಡಗಿದ ಮೇಲೆ ನಿಜಕ್ಕೂ ಗಾಡಿ ನೆಟ್ಟಗಾಯಿತು. ಹನ್ನೊಂದರ ಸುಮಾರಿಗೆ ಬದಲಿಸಿಕೊಂಡೆವು. ಸಣ್ಣ ಗಾಡಿಯ ಮೇಲೆ ಕೂತಾಗ ಹೊತ್ತ ಮೂಟೆ ಇಳಿಸಿದಂತಾಯಿತು. ಅದು ಜಾಡಿನಿಂದ ದಿಬ್ಬಕ್ಕೆ, ದಿಬ್ಬದಿಂದ ಹುಲ್ಲಿಗೆ ಹಾರಿ ಹೋಗುತ್ತಿತ್ತು. ಆದರೆ ಅದರಲ್ಲಿ ಗತ್ತು ಇರಲಿಲ್ಲ, ಅದನ್ನೂ ಹೇಳಬೇಕು.

ಒಂದು ಬೀಳು ಹೊಲದ ಬಾಜೂಕ್ಕೆ ಹೋಗುವಾಗ ಚಿಗರಿಗಳ, ಅಂದರೆ ಕೃಷ್ಣಮೃಗಗಳ, ಹಿಂಡು ಕಂಡಿತು. ಇಪ್ಪತ್ತಕ್ಕೂ ಹೆಚ್ಚು. ಗಾಡಿಯ ಸದ್ದಿಗೆ ಓಡಿಹೋಗುತ್ತವೆ ಅಂದುಕೊಂಡೆ. ಅವು ಓಡಿದವು, ಆದರೆ ನಮ್ಮ ಜೊತೆಗೇ, ಹಾದಿಗೆ ಸಮನಾಗಿ. ಒಂದು ಕರಿಯ ಗಂಡು ಚಿಗರಿ, ತಿರುಚಿದ ಕೋಡು ಬೆನ್ನಿಗೆ ಒರಗಿಸಿ, ನಮ್ಮನ್ನು ದಾಟಿ ಮುಂದೆ ಹೋಗಿ, ಹಾದಿಯ ಆಚೆಗೆ ಒಂದೇ ನೆಗೆತ ನೆಗೆಯಿತು. ಅದರ ಹಿಂದೆ ಪೂರಾ ಹಿಂಡು ಒಂದೊಂದಾಗಿ ನನ್ನ ಮುಂದಿನ ಗಾಲಿಯ ಎದುರಿಗೆ ಹಾರಿಹೋಯಿತು. ನಾನು ಗಾಡಿ ನಿಲ್ಲಿಸಿ ಬಾಯಿ ತೆರೆದು ಕುಳಿತುಬಿಟ್ಟೆ. ಮಾವನವರು ಹೆಲ್ಮೆಟ್ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದರು.

ಅಣ್ಣಿಗೇರಿಯಲ್ಲಿ ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಗಿರಮಿಟ್, ಮಿರ್ಚಿ ಭಜಿ ತಿಂದು ಚಾ ಕುಡಿದೆವು. ಹೊರಗೆ ದೊಡ್ಡ ಗಾಡಿಯ ಸುತ್ತ ಹತ್ತು ಜನ ಸೇರಿ ಟ್ಯಾಂಕ್ ಸವರುತ್ತಿದ್ದರು. ಸಣ್ಣದರ ಕಡೆ ಯಾರೂ ನೋಡಲಿಲ್ಲ. "ಯಾರದ್ರಿ ಗಾಡಿ?" ಎಂದು ಒಬ್ಬ ಕೇಳಿದ. "ನಂದ" ಎಂದುಬಿಟ್ಟೆ. ಮಾವನವರು ಕೇಳಿಸಿಕೊಂಡರು.

ಆ ರಾತ್ರಿ ಉಳಿಯಬೇಕಾಗಿದ್ದ ಮನೆ ಮಾವನವರ ಹಳೆಯ ಜೊತೆಗಾರ ಹನುಮಂತಪ್ಪ ಎಂಬುವರದು. ಹೋದಾಗ ತಿಳಿಯಿತು, ಮನೆಯಲ್ಲಿ ಇದ್ದದ್ದು ಅವರ ಹೆಂಡತಿ ನೀಲವ್ವ ಮಾತ್ರ. ಹನುಮಂತಪ್ಪ ತೀರಿಕೊಂಡು ಹನ್ನೆರಡು ವರ್ಷವಾಗಿತ್ತು. ಸಂಜೆ ಅಂಗಳದಲ್ಲಿ ಕುಳಿತಾಗ ನೀಲವ್ವ ತಾವಾಗಿಯೇ ಹೇಳಿದರು.

"ಹಸಿ ಎರಿಯೊಳಗ ಗಾಡಿ ಜಾರಿತಂತ್ರಿ. ಸಣ್ಣ ಪೆಟ್ಟು ಅನ್ಕೊಂಡ್ರು. ಹೊಟ್ಟಿಗೆ ಹ್ಯಾಂಡಲ್ ಬಡದಿತ್ತು. ನಿಮ್ಮ ಮಾವಾರ ಚಕ್ಕಡ್ಯಾಗ ಹಾಕ್ಕೊಂಡು ಬಂದ್ರು. ಮನಿ ಮುಟ್ಟೂತನಕ ಇವ್ರು ಮಾತಾಡಿಕೋತನ ಬಂದ್ರಂತ. ಬೆಳಗಾಗೂದ್ರಾಗ ಹೋಗಿಬಿಟ್ರು."

ಮಾವನವರು ನೆಲ ನೋಡುತ್ತ ಕುಳಿತಿದ್ದರು. ನೀಲವ್ವ ಒಳಗೆ ಹೋದ ಮೇಲೆ ನನಗೆ ಹೇಳಿದರು: "ಅದಕ್ಕ ನಿಮ್ಮನ್ನ ಕರ್ಕೊಂಡು ಬಂದೇನ್ರಿ. ಆಕಿ ಬಾಯಿಂದ ಕೇಳ್ರಿ ಅಂತ. ನನ್ನ ಮಗಳು ಆಕಿ ಹಂಗ ಅಂಗಳದಾಗ ಕೂತು ಹೇಳೂದು ಆಗಬಾರ್ದು."

ನೈಋತ್ಯಕ್ಕೆ, ಶಿಗ್ಗಾವಿಯ ದಿಕ್ಕಿಗೆ, ಬಾನಿನ ಅಂಚಿನಲ್ಲಿ ಮಿಂಚುತ್ತಿತ್ತು. ಗುಡುಗು ಕೇಳುತ್ತಿರಲಿಲ್ಲ. ನಮ್ಮ ತಲೆಯ ಮೇಲೆ ಚುಕ್ಕೆಗಳಿದ್ದವು.

ಮೂರನೆಯ ದಿನ ಬೇಗ ಹೊರಟು ಹತ್ತು ಗಂಟೆಯ ಹೊತ್ತಿಗೆ ಬೆಣ್ಣೆಹಳ್ಳದ ದಂಡೆಗೆ ಬಂದೆವು. ಚಕ್ಕಡಿಗಳು ದಾಟುವ ಜಾಗ. ಹಳ್ಳ ಅಗಲ, ಆದರೆ ನೀರು ನಡುವಿನ ಮೂವತ್ತು ಹೆಜ್ಜೆಯಷ್ಟರಲ್ಲಿ ಮಾತ್ರ, ಮೊಣಕಾಲಿಗಿಂತ ಕೆಳಗೆ. ತಳದ ಹರಳು ಕಾಣುವಷ್ಟು ತಿಳಿ. ಬಿಸಿಲು ಚುರುಕಾಗಿತ್ತು. ಈಚೆ ದಂಡೆಯಲ್ಲಿ ಒಬ್ಬ ಕುರಿ ಕಾಯುವ ಹೆಂಗಸು ಕೋಲಿಗೆ ಗದ್ದ ಊರಿ ನಿಂತಿದ್ದಳು. ಅವಳ ಹೆಸರು ಯಲ್ಲವ್ವ ಎಂದು ಆಮೇಲೆ ತಿಳಿಯಿತು. ಕುರಿಗಳು ದಂಡೆಯ ಮೇಲೆ ಗುಂಪುಗೂಡಿದ್ದವು.

"ನಿಂದರ್ರಿ ಯಪ್ಪಾ" ಎಂದಳು. "ಕುರಿ ನೀರಿಗೆ ಬಾಯಿ ಹಚ್ಚವಲ್ವು. ಮ್ಯಾಲೆ ಎಲ್ಲೋ ಮಳಿ ಬಿದ್ದೇತಿ."

ಮಾವನವರು ನೀರಿಗೆ ಇಳಿದು ನಡುವಿನ ತನಕ ನಡೆದು, ತಳ ತುಳಿದು ನೋಡಿ ಬಂದರು. ಮೇಲ್ಗಡೆ ಹಳ್ಳ ತಿರುಗುವಲ್ಲಿ ಕಣ್ಣು ಕಿರಿದು ಮಾಡಿ ನೋಡಿದರು. ಒಂದು ಕ್ಷಣ ತಡೆದರು. "ಐದು ನಿಮಿಷದ ಕೆಲಸ" ಎಂದರು. ಸಣ್ಣ ಗಾಡಿ ಹತ್ತಿ, ಒಂದನೇ ಗೇರಿನಲ್ಲಿ, ಎಕ್ಸಲೇಟರ್ ಬಿಡದೆ ದಾಟಿ ಆಚೆ ದಂಡೆಯ ಏರು ಹತ್ತಿ ನಿಲ್ಲಿಸಿದರು. ನನಗೆ ಕೈ ಮಾಡಿದರು.

ನಾನು ದೊಡ್ಡ ಗಾಡಿಯನ್ನು ಇಳಿಸಿದೆ. ನಡುವಿನ ತನಕ ಚೆನ್ನಾಗಿ ಬಂತು. ಅಲ್ಲಿ ಹಿಂದಿನ ಗಾಲಿ ಕೆಸರಿನಲ್ಲಿ ಇಳಿಯಿತು, ನಾನು ಎಕ್ಸಲೇಟರ್ ಬಿಟ್ಟೆ, ಸೈಲೆನ್ಸರಿಗೆ ನೀರು ನುಗ್ಗಿ ಇಂಜಿನ್ ನಿಂತಿತು. ಇಳಿದು ನೂಕಿದೆ. ಗಾಡಿ ಅಲುಗಲಿಲ್ಲ. ಇನ್ನೊಮ್ಮೆ ನೂಕಲು ಬಗ್ಗಿದಾಗ ಗಮನಿಸಿದೆ, ತಳದ ಹರಳು ಕಾಣುತ್ತಿರಲಿಲ್ಲ. ನೀರು ಚಹಾದ ಬಣ್ಣಕ್ಕೆ ತಿರುಗಿತ್ತು. ಒಣ ಹುಲ್ಲು, ನೊರೆ, ಒಂದು ಮುರಿದ ಬುಟ್ಟಿ ತೇಲಿ ಬಂದವು. ಮೊಣಕಾಲಿನಲ್ಲಿದ್ದ ನೀರು ತೊಡೆಗೆ ಬಂದಿತ್ತು. ಎಲ್ಲೋ ದೂರದಲ್ಲಿ ಗೂಡ್ಸ್ ರೈಲು ಹೋಗುವಂಥ ಸದ್ದು. ಅಲ್ಲಿ ರೈಲು ಹಾದಿ ಇಲ್ಲ.

"ಗಾಡಿ ಬಿಡ್ರಿ, ಬರ್ರಿ ಈ ಕಡೆ" ಮಾವನವರು ಕೂಗುತ್ತ ನೀರಿಗಿಳಿದರು.

"ಇನ್ನೊಂದ ಸಲ ನೂಕಿದ್ರ ಬರ್ತೈತ್ರಿ" ಎಂದೆ. ಸಾಹುಕಾರರ ಗಾಡಿ, ಹೇಗೆ ಬಿಡುವುದು ಎಂಬುದೊಂದೇ ತಲೆಯಲ್ಲಿತ್ತು. ನಿಜ ಹೇಳಬೇಕೆಂದರೆ, ಅದು ಸಾಹುಕಾರರದೆಂಬುದನ್ನು ನಾನು ಹಿಂದಿನ ದಿನವೇ ಮರೆತಿದ್ದೆ.

ಅವರು ನನ್ನ ಹತ್ತಿರ ಬಂದು ಮಣಿಕಟ್ಟು ಹಿಡಿದರು. "ಬಿಡಲೇ. ಬಿಡು ಅಂದ್ರ ಬಿಡು."

ಮದುವೆಯಾದ ನಾಲ್ಕು ವರ್ಷದಲ್ಲಿ ಅವರು ನನ್ನನ್ನು ಏಕವಚನದಲ್ಲಿ ಕರೆದಿರಲಿಲ್ಲ. ನನ್ನ ಕೈ ತಾನಾಗಿ ಸಡಿಲಿತು. ಅಷ್ಟರಲ್ಲಿ ಒಂದು ತೆರೆ ಬಂದು ಗಾಡಿಯನ್ನು ತಿರುಗಿಸಿತು. ಹ್ಯಾಂಡಲ್ ಗಿರ್ರನೆ ತಿರುಗಿ ಮಾವನವರ ಬಲ ಹೆಗಲಿನ ಮುಂಭಾಗಕ್ಕೆ ಬಡಿಯಿತು. ಒಣ ಜೋಳದ ದಂಟು ಮುರಿದಂಥ ಸದ್ದು ನನಗೂ ಕೇಳಿಸಿತು. ಅವರ ಸೊಂಟಕ್ಕೆ ಕೈ ಹಾಕಿ ಎಳೆದುಕೊಂಡು ದಂಡೆ ಮುಟ್ಟಿದೆ, ಏರು ಹತ್ತಿಸಿದೆ. ಹೇಗೆ ಹತ್ತಿಸಿದೆನೋ ನೆನಪಿಲ್ಲ.

ಮೇಲೆ ಬಂದು ತಿರುಗಿದಾಗ ಹಳ್ಳ ಬಂತು. ಬೇರೆ ಮಾತು ನನಗೆ ಸಿಗುವುದಿಲ್ಲ. ಮೇಲ್ಗಡೆಯ ತಿರುವಿನಿಂದ, ಎರಡೂ ದಂಡೆ ತುಂಬಿ, ಆಳೆತ್ತರದ ಕಂದು ಗೋಡೆಯೊಂದು ನಡೆದುಬಂತು. ಅದರ ಮುಂಭಾಗ ನೀರಿನಂತೆ ಇರಲೇ ಇಲ್ಲ. ಜಾಲಿ ಗಿಡಗಳು, ಜೋಳದ ಕಣಿಕೆಯ ಬಣವೆಯ ತುಂಡು, ಮಣ್ಣಿನ ಹೆಂಟೆ, ಎಲ್ಲ ಒಂದರ ಮೇಲೊಂದು ಉರುಳುತ್ತ ಬಂದವು. ನೆಲ ಅಂಗಾಲಿನ ಕೆಳಗೆ ನಡುಗುತ್ತಿತ್ತು. ದೊಡ್ಡ ಗಾಡಿಯ ಗುಂಡನೆಯ ದೀಪ ಒಂದು ಗಳಿಗೆ ನೀರ ಮೇಲೆ ಕಂಡಿತು, ಬಿಸಿಲಿಗೆ ಮಿಂಚಿತು, ಹೋಯಿತು. ನಾವು ನಿಂತಿದ್ದ ಜಾಗದ ಮೇಲೆ ಈಗ ಎರಡಾಳು ನೀರು. ಮೇಲೆ ಆಕಾಶ ನೀಲಿಯಾಗಿತ್ತು, ನಮ್ಮ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ. ನನಗೆ ಹೆದರಿಕೆ ಆಗಲಿಲ್ಲ. ಹೆದರಿಕೆಗೆ ಜಾಗವಿರಲಿಲ್ಲ. ನಾನೆಷ್ಟು ಸಣ್ಣವನು ಎಂದು ಮೊದಲ ಸಲ ಯಾರೋ ಅಳೆದು ತೋರಿಸಿದಂತೆ ನಿಂತಿದ್ದೆ.

ಆಚೆ ದಂಡೆಯಲ್ಲಿ ಯಲ್ಲವ್ವ ಕುರಿಗಳನ್ನು ಎತ್ತರಕ್ಕೆ ಹೊಡೆದುಕೊಂಡಿದ್ದಳು. ನಮ್ಮ ಕಡೆ ಕೋಲು ಎತ್ತಿದಳು. ನಾನು ಎರಡೂ ಕೈ ಎತ್ತಿದೆ, ಬದುಕಿದ್ದೇವೆ ಎಂದು. ಅವಳು ಕುಕ್ಕರಿಸಿ ಕುಳಿತುಬಿಟ್ಟಳು.

ಮಾವನವರ ಮುಖ ಬೂದಿ ಬಣ್ಣವಾಗಿತ್ತು. ಬಲಗೈ ಜೋತು ಬಿದ್ದಿತ್ತು, ಕೊರಳಿನ ಕೆಳಗಿನ ಎಲುಬು ಚರ್ಮದೊಳಗೇ ಎದ್ದು ಕಾಣುತ್ತಿತ್ತು. ಬುತ್ತಿಯ ಅರಿವೆ ಬಿಚ್ಚಿ ಅವರ ಕೈಯನ್ನು ಎದೆಗೆ ಕಟ್ಟಿದೆ. ಹೋರಿಯ ಮುರಿದ ಕಾಲು ಕಟ್ಟಿದ ಕೈ ನನ್ನದು. ಮನುಷ್ಯನಿಗೆ ಕಟ್ಟಿದ್ದು ಅದೇ ಮೊದಲು.

"ಹೊಟ್ಟಿಗೆ ಬಡದಿಲ್ಲ ಹೌದಿಲ್ರಿ?" ಎಂದು ಕೇಳಿದೆ.

"ಇಲ್ಲ" ಎಂದರು. ನಾನು ಯಾಕೆ ಕೇಳಿದೆ ಎಂಬುದು ಇಬ್ಬರಿಗೂ ಗೊತ್ತಿತ್ತು.

ನವಲಗುಂದ ಅಲ್ಲಿಂದ ಒಂಬತ್ತು ಹತ್ತು ಕಿಲೋಮೀಟರು. ನೈಋತ್ಯದಿಂದ ಮೋಡ ಈಗ ನಮ್ಮ ಕಡೆಗೇ ಏರಿ ಬರುತ್ತಿತ್ತು. ಅವರನ್ನು ಸಣ್ಣ ಗಾಡಿಯ ಹಿಂದೆ ಕೂರಿಸಿ, ನನ್ನ ಟವೆಲಿನಿಂದ ಅವರ ಸೊಂಟವನ್ನು ನನ್ನ ಸೊಂಟಕ್ಕೆ ಬಿಗಿದುಕೊಂಡೆ. ಮೂರು ಕಿಲೋಮೀಟರು ಹೋಗುವಷ್ಟರಲ್ಲಿ ಮಳೆ ಹಿಡಿಯಿತು. ಎರೆ ಮಣ್ಣು ಹತ್ತು ನಿಮಿಷದಲ್ಲಿ ಅಂಟಾಯಿತು. ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಮಣ್ಣು ತುಂಬಿ, ಮುಂದಿನ ಗಾಲಿ ತಿರುಗದೆ ನಿಂತೇಬಿಟ್ಟಿತು. ಅವರನ್ನು ಒಂದು ಜಾಲಿಯ ಕೆಳಗೆ ಕೂರಿಸಿ, ಸೀಟಿನ ಕೆಳಗಿನ ಪಾನಾ ತೆಗೆದು ಮಡ್‌ಗಾರ್ಡ್ ಬಿಚ್ಚತೊಡಗಿದೆ. ನಾಲ್ಕು ಬೋಲ್ಟ್. ಮೂರು ಬಂದವು. ನಾಲ್ಕನೆಯದು ತುಕ್ಕು ಹಿಡಿದು ಬರಲಿಲ್ಲ. ಮಡ್‌ಗಾರ್ಡನ್ನೇ ಕಾಲಿನಿಂದ ಮೆಟ್ಟಿ ಹಿಂದೆ ಮುಂದೆ ಬಗ್ಗಿಸಿ ಮುರಿದು ಹೊಲದ ಬದುವಿಗೆ ಎಸೆದೆ. ಮಾವನವರು ನೋಡುತ್ತಿದ್ದರು. ಏನಾದರೂ ಹೇಳುತ್ತಾರೆಂದು ಕಾದೆ. ಹೇಳಲಿಲ್ಲ. ಹಳ್ಳ ಹುಟ್ಟಿಸದ ಹೆದರಿಕೆಯನ್ನು ಅದು ನನಗೆ ಹುಟ್ಟಿಸಿತು.

ಮತ್ತೆ ಹೊರಟೆವು. ಒಂದನೇ ಗೇರು, ಎರಡೂ ಕಾಲು ನೆಲಕ್ಕೆ ಸವರುತ್ತ. ಬ್ರೇಕ್ ಮುಟ್ಟಲಿಲ್ಲ. ಜಾಡು ಬಿಟ್ಟು ಬದುವಿನ ಹುಲ್ಲು ಹಿಡಿದೆ. ಗಾಲಿ ಎಸೆದ ಕೆಸರು ನೇರ ಮುಖಕ್ಕೆ ಬಂದು ಕಣ್ಣು ಮುಚ್ಚುತ್ತಿತ್ತು. ಒಂದು ಸಲ ಎಡಕ್ಕೆ ಬಿದ್ದೆವು, ನಡೆಯುವಷ್ಟೇ ವೇಗದಲ್ಲಿ. ಅವರು ನನ್ನ ಮೇಲೆ ಬಿದ್ದರು. ಬಾಯಿಂದ ಒಂದು ಸದ್ದು ಬಂತು, ಅಷ್ಟೆ. ನಾನು ಗಾಡಿಯನ್ನು ಒಂದೇ ಜಗ್ಗಿಗೆ ಎಬ್ಬಿಸಿ ಅವರನ್ನು ಹೊಳ್ಳಿ ಕೂರಿಸಿದೆ. ಆಮೇಲೆ ಮಳೆಯ ಪರದೆಯಲ್ಲಿ ಹಾದಿಯೇ ತಪ್ಪಿತು. ಎತ್ತ ನೋಡಿದರೂ ಒಂದೇ ಕಪ್ಪು, ಒಂದೇ ಬೂದಿ ಬಣ್ಣ. ನಿಂತೆ.

ಬೆನ್ನಿನ ಹಿಂದಿನಿಂದ ದನಿ ಬಂತು, ಬಹಳ ಮೆಲ್ಲಗೆ. "ಬಲಕ್ಕ ನೋಡು. ಕಂಬ ಕಾಣ್ತಾವೇನು?"

ಕಂಡವು. ಮಳೆಯೊಳಗೆ ಒಂದರ ಹಿಂದೊಂದು, ಸಣ್ಣ ಗೀಟಿನಂತೆ.

"ಆ ಲೈನ್ ನಾವ ಎಳದಿದ್ದು. ಅದನ್ನ ಹಿಡದು ಹೋಗು. ಗಟ್ಟಿ ನೆಲ ನೋಡಿ ನೆಟ್ಟೇವಿ. ಸೀದಾ ರಸ್ತಾಕ್ಕ ಹೋಗ್ತಾವ."

ಕಂಬದಿಂದ ಕಂಬಕ್ಕೆ ಹೋದೆ. ಪ್ರತಿ ಕಂಬದ ಹತ್ತಿರ ಅವರು ಏನೋ ಗೊಣಗುತ್ತಿದ್ದರು. ಎಣಿಸುತ್ತಿದ್ದಾರೆಂದು ಸ್ವಲ್ಪ ಹೊತ್ತಿನ ಮೇಲೆ ತಿಳಿಯಿತು. ಆ ಎಣಿಕೆ ಕೇಳುತ್ತಿರುವಷ್ಟು ಹೊತ್ತು ನನಗೆ ಧೈರ್ಯವಿತ್ತು. ಒಂದು ಕಾಲಕ್ಕೆ, ಮೀಸೆ ಚಿಗುರುವ ಪ್ರಾಯದಲ್ಲಿ, ಈ ಬಯಲಿನಲ್ಲಿ ಊಟ ಸೇರದೆ ಕಂಬ ನೆಟ್ಟ ಮನುಷ್ಯ, ಅದೇ ಕಂಬಗಳ ಸಾಲಿನಲ್ಲಿ ಈಗ ನನ್ನ ಬೆನ್ನಿಗೆ ಕಟ್ಟಿಸಿಕೊಂಡು ಕುಳಿತಿದ್ದರು. ಆ ಗೀಟಿನಂಥ ಕಂಬಗಳು ನನಗೆ ಗೋಪುರಗಳ ಹಾಗೆ ಕಂಡವು. ಐವತ್ತಾರರ ತನಕ ಎಣಿಸಿದರು. ಐವತ್ತೇಳನೆಯದರ ಹತ್ತಿರ ಡಾಂಬರು ಇತ್ತು.

ನವಲಗುಂದದ ದವಾಖಾನೆಯಲ್ಲಿ ಡಾಕ್ಟರು ಕೊರಳೆಲುಬು ಮುರಿದಿದೆ, ಒಂದು ಪಕ್ಕೆಲುಬು ಬಿರುಕು ಬಿಟ್ಟಿದೆ, ಹೊಟ್ಟೆಗೆ ಏನೂ ಆಗಿಲ್ಲ ಎಂದರು. ಆ ಕೊನೆಯ ಮಾತನ್ನು ನಾನು ಇನ್ನೊಮ್ಮೆ ಹೇಳಿಸಿದೆ. ಮರುದಿನ ಶಾರದಾ ತಾಯಿಯ ಜೊತೆ ಬಸ್ಸಿನಲ್ಲಿ ಬಂದಳು. ತಂದೆಯನ್ನು ನೋಡಿದಳು, ಆಮೇಲೆ ನನ್ನ ಮುಖದ ಕೆತ್ತಿದ ಗಾಯ, ಕಾಲಿನ ಸುಟ್ಟ ಕಲೆ ನೋಡಿದಳು. "ಯಾರು ಯಾರನ್ನ ಕರ್ಕೊಂಡು ಬಂದ್ರಿ?" ಎಂದಳು. ಮಾವನವರು, "ಹೋಗೂಮುಂದ ನಾ, ಬರೂಮುಂದ ಇವ" ಎಂದರು.

ದವಾಖಾನೆ ಸೇರಿದ ಮೂರನೆಯ ದಿನ ಯಲ್ಲವ್ವನ ಕಡೆಯವರು ದೊಡ್ಡ ಗಾಡಿಯನ್ನು ಕಂಡರು. ದಾಟುವ ಜಾಗದಿಂದ ಒಂದು ಕಿಲೋಮೀಟರು ಕೆಳಗೆ, ಅರ್ಧ ಹೂತು ಹೋಗಿತ್ತು. ಎರಡು ಜೊತೆ ಎತ್ತು ಕಟ್ಟಿ ಎಳೆದರಂತೆ. ಸಾಹುಕಾರರು ತಾವೇ ಬಂದರು. ನಾನು ಎದ್ದು ನಿಂತು ಬೈಗುಳಕ್ಕೆ ಕಾದೆ. ಅವರು ಮಾವನವರ ಮಂಚದ ಮೇಲೆ ಕುಳಿತು, "ಜೀವ ಉಳದಾವಲ್ಲ. ಗಾಡಿ ತೊಳದ್ರ ಆತು" ಎಂದು ಎರಡು ಮೋಸಂಬಿ ಇಟ್ಟು ಹೋದರು.

ಆ ಸಂಜೆ ಮಾವನವರು ತಾವಾಗಿ ಮಾತು ತೆಗೆದರು. "ಆ ಹೆಣ್ಣಮಗಳು ಹೇಳಿದ್ಲು. ಕೇಳಬೇಕಾಗಿತ್ತು. ಇಪ್ಪತ್ತು ವರ್ಷ ತಿರುಗೇನಿ ಅನ್ನೂದು ತಲಿಗೇರಿತ್ತು. ತಪ್ಪು ನಂದು."

"ಗಾಡಿ ಬಿಡಲಿಲ್ಲ, ಅದು ನಂದು" ಎಂದೆ.

ಅವರು ಇಲ್ಲ ಅನ್ನಲಿಲ್ಲ. "ದೊಡ್ಡದು ತೊಗೋ, ಸಣ್ಣದು ತೊಗೋ, ನಾ ಏನೂ ಹೇಳೂದಿಲ್ಲ. ಬಿಟ್ಟು ಓಡಬೇಕಾದಾಗ ಬಿಟ್ಟು ಓಡಾಕ ಮನಸ್ಸು ಬರೂವಂಥಾದ್ದು ತೊಗೋ" ಎಂದರು. ಮುಂದಿನ ತಿಂಗಳು ನಾನು ಹುಬ್ಬಳ್ಳಿಯಲ್ಲಿ ಕೊಂಡದ್ದು ಸಣ್ಣದನ್ನೇ. ಮನೆಗೆ ತಂದ ದಿನವೇ ಅದರ ಮುಂದಿನ ಮಡ್‌ಗಾರ್ಡ್ ಬಿಚ್ಚಿ ಅಟ್ಟಕ್ಕೆ ಹಾಕಿದೆ.

ಆರನೆಯ ದಿನ ದವಾಖಾನೆಯಿಂದ ಬಿಟ್ಟರು. ಹೆಂಗಸರು ಮೊದಲೇ ಊರಿಗೆ ಹೋಗಿದ್ದರು. ನಾವಿಬ್ಬರೂ ಹುಬ್ಬಳ್ಳಿಯ ಬಸ್ಸು ಹತ್ತಿದೆವು. ಮಧ್ಯಾಹ್ನದ ಬಿಸಿಲು, ಬಸ್ಸಿನಲ್ಲಿ ಅರ್ಧ ಜನ ತೂಕಡಿಸುತ್ತಿದ್ದರು. ಯಮನೂರಿನ ಹತ್ತಿರ ಬಸ್ಸು ಬೆಣ್ಣೆಹಳ್ಳದ ಸೇತುವೆಗೆ ಬಂದಾಗ ಮಾವನವರು ಎದ್ದು ನಿಂತರು. ನಾನು ಅವರನ್ನು ಹಿಡಿದುಕೊಂಡು ಹೊರಗೆ ನೋಡಿದೆ. ಹಳ್ಳ ಹಳ್ಳದಷ್ಟೇ ಇತ್ತು. ನಡುವೆ ಒಂದು ತೆಳ್ಳನೆಯ ನೀರು, ದಂಡೆಯ ಕಲ್ಲಿನ ಮೇಲೆ ಯಾರೋ ಹಾಸಿದ ಸೀರೆ, ಎತ್ತರದ ಜಾಲಿ ಕೊಂಬೆಗಳಲ್ಲಿ ಮಾತ್ರ ಸಿಕ್ಕಿಕೊಂಡ ಕಣಿಕೆ.

"ನನ್ನ ಬಲಗೈ ಏಳವಲ್ದು" ಎಂದರು ಮಾವನವರು, ಹೊರಗೆ ನೋಡುತ್ತಲೇ. "ಎಡಗೈಲೆ ನಮಸ್ಕಾರ ಮಾಡಬಾರ್ದು. ನೀ ಮಾಡು. ಇಬ್ಬರದೂ ಸೇರಿಸಿ ಮಾಡು."

ನಾನು ಓಡುವ ಬಸ್ಸಿನಲ್ಲಿ, ಅವರನ್ನು ನನ್ನ ಮೈಗೆ ಆನಿಸಿಕೊಂಡು, ಎರಡೂ ಕೈ ಜೋಡಿಸಿದೆ. ಸೇತುವೆ ಮುಗಿಯುವ ತನಕ ಇಳಿಸಲಿಲ್ಲ.